ಉಳಿಸಿಟ್ಟ ಬಂದರು

ಗಂಜಿಯಣ್ಣನ ಕೈಬೆರಳುಗಳನ್ನು ಒಮ್ಮೆ ನೋಡಿದವರು ಅವನ ಕಸುಬೇನೆಂದು ಕೇಳಬೇಕಾಗಿರಲಿಲ್ಲ. ಉಗುರಿನ ಸಂದಿಯಲ್ಲಿ ಒಣಗಿದ ಮೈದಾ ಗಂಜಿ, ತೋರುಬೆರಳಿನ ಮೇಲೆ ಮೇಣ ಹಚ್ಚಿದ ದಾರ ಎಳೆದೂ ಎಳೆದೂ ಬಿದ್ದ ಗೀರು, ಹಾಳೆ ಮಡಿಸುವ ಮೂಳೆಪಟ್ಟಿಯನ್ನು ಒತ್ತಿ ಒತ್ತಿ ಜಡ್ಡುಗಟ್ಟಿದ ಅಂಗೈ. ದಾಖಲೆ ಕಚೇರಿಯ ಹಿಂಭಾಗದಲ್ಲಿ, ಬಿಸಿಲು ಬೀಳದ ಉದ್ದನೆಯ ಕೋಣೆಯೊಂದರಲ್ಲಿ, ಅವನು ನಲವತ್ತೆರಡು ವರ್ಷ ಹಳೆಯ ರಿಜಿಸ್ಟರುಗಳಿಗೆ ಹೊಸ ರಟ್ಟು ಹಾಕಿದ. ಹುಟ್ಟಿದವರ ಪಟ್ಟಿ, ಸತ್ತವರ ಪಟ್ಟಿ, ಜಮೀನಿನ ಪಟ್ಟಿ, ಎಲ್ಲವೂ ಅವನ ಕೈಯಲ್ಲಿ ಹಾದುಹೋಗಿದ್ದವು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಉಳಿದ ದಿನಗಳಲ್ಲೆಲ್ಲ ಅವನು ಗಂಜಿಯಣ್ಣನೇ.

ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಆದರೆ ಹೇಳಿದ ಮಾತು ಹಲಗೆಯ ಮೇಲೆ ಬರೆದಿಟ್ಟಂತೆ ಇರುತ್ತಿತ್ತು. ಅಂಟಿಕೊಂಡ ಹಾಳೆಗಳನ್ನು ಬಿಡಿಸುವುದನ್ನು ಕಲಿಸುವಾಗ ಅವರು ಹೇಳಿದ್ದು ಇಷ್ಟು: "ಬರೆದದ್ದು ನೀರಿಗೆ ಹೆದರುತ್ತೆ ಕಣಯ್ಯ. ಅಚ್ಚಾದದ್ದು ಹೆದರಲ್ಲ. ಮೊದಲು ಬರವಣಿಗೆ ಮೇಲೆ ಒಂದು ಹನಿ ಇಟ್ಟು ನೋಡು. ಮಸಿ ಕದಲದೆ ಇದ್ರೆ ಮುಂದಕ್ಕೆ ಹೋಗು. ನೀರಿಗೆ ಹಾಕಿದ ಮೇಲೆ ಒಂದು ಗಂಟೆ ಆ ಕಡೆ ತಿರುಗಿ ನೋಡಬೇಡ. ಕೈ ಆಡಿಸಿದವನ ಕೈಗೆ ಚಿಂದಿ ಸಿಗುತ್ತೆ." ಈ ಮಾತನ್ನು ನಂಬಿ ಗಂಜಿಯಣ್ಣ ಸಾವಿರಾರು ಹಾಳೆ ಬಿಡಿಸಿದ್ದ. ಒಂದೂ ಕೆಟ್ಟಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾನೆ ಎಂದು ಕಚೇರಿಯ ದೊಡ್ಡವರು ಹೊಗಳುತ್ತಿದ್ದರು.

ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ತಂದೆ ಇದ್ದೂ ಇಲ್ಲದಂತೆ ಇದ್ದು, ಕೆಲವು ವರ್ಷಗಳಲ್ಲಿ ಅವರೂ ಇಲ್ಲವಾದರು. ಅಕ್ಕ ಅವನಿಗೆ ತಲೆ ಬಾಚಿದಳು, ಮಗ್ಗಿ ಒಪ್ಪಿಸಿಕೊಂಡಳು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದಳು. ಟೈಪಿಂಗ್ ಕಲಿತು ಹಡಗು ಕಂಪನಿಯ ಏಜೆಂಟರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಆ ಊರಿನಿಂದ ಸಮುದ್ರಕ್ಕೆ ಎರಡು ದಿನದ ದಾರಿ. ಹಡಗೆಂಬುದು ಅಲ್ಲಿ ಬರೀ ಕಾಗದದಲ್ಲಿ ಓಡಾಡುತ್ತಿತ್ತು. ಸರಕು ಎಲ್ಲಿ ಇಳಿಯಿತು, ಎಲ್ಲಿ ಏರಿತು ಎಂದು ದಿನವಿಡೀ ಟೈಪು ಮಾಡುತ್ತಿದ್ದ ಅಕ್ಕ ಒಂದು ಸಲವೂ ಸಮುದ್ರ ಕಂಡವಳಲ್ಲ. ತಮ್ಮನೂ ಕಂಡವನಲ್ಲ.

ಒಂದು ವರ್ಷ ಆ ಕಚೇರಿಯ ಅಟ್ಟ ಖಾಲಿ ಮಾಡಿಸಿದರು. ದೊರೆಗಳ ಕಾಲದ ಲಕೋಟೆಗಳು ಹನ್ನೊಂದು ಚೀಲ ಇದ್ದವು. ರದ್ದಿಗೆ ಹೋಗಬೇಕಾದವು. ಅಕ್ಕ ಮ್ಯಾನೇಜರರನ್ನು ಕೇಳಿ, ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು, ಅಂಚೆಚೀಟಿ ಇದ್ದ ಮೂಲೆಗಳನ್ನಷ್ಟೇ ಕತ್ತರಿಸಿ, ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತಂದಳು. ಹೂವು, ಹಕ್ಕಿ, ಕಿರೀಟಗಳ ಚೀಟಿಗಳನ್ನೆಲ್ಲ ಅಕ್ಕಪಕ್ಕದ ಮನೆಯವರಿಗೆ ಹಂಚಿದಳು. ಬಂದರು ಮತ್ತು ವಿಮಾನದ ಚಿತ್ರ ಇದ್ದವನ್ನು ಮಾತ್ರ ಇಟ್ಟುಕೊಂಡಳು.

"ಹೂವು ನಮ್ಮನೆ ಗೋಡೆ ಮೇಲೂ ಬಿಡುತ್ತೆ ಪುಟ್ಟ. ಇವು ಬಿಡಲ್ಲ," ಎಂದಳು.

ಅವನಿಗೆ ಆಗ ಇಪ್ಪತ್ತು. ಮೇಸ್ತ್ರಿಯ ಕೈಕೆಳಗೆ ಎರಡು ವರ್ಷ ಕಳೆದಿದ್ದ. ಸ್ವಂತವಾಗಿ ಮಾಡಿದ ಮೊದಲ ಪುಸ್ತಕವೆಂದರೆ ಅಕ್ಕನ ಚೀಟಿಗಳ ಆಲ್ಬಮ್ಮೇ. ಹದಿನಾರು ದಪ್ಪ ಹಾಳೆ, ಬೆನ್ನಿಗೆ ನೇರಳೆ ಬಣ್ಣದ ಬಟ್ಟೆ. ಅಂಚೆಚೀಟಿಗಳನ್ನು ಸಂಗ್ರಹಿಸುವವರು ಅವುಗಳ ತಲೆಯ ಹಿಂದೆ ಒಂದು ಸಣ್ಣ ಕಾಗದದ ಮಡಿಕೆ ಅಂಟಿಸಿ ನೇತುಹಾಕುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ರಿಜಿಸ್ಟರಿಗೆ ನಕ್ಷೆ ಅಂಟಿಸುವ ಹಾಗೆ, ಲಕೋಟೆಯ ಕಾಗದದ ಸಮೇತವೇ, ಇಡೀ ಬೆನ್ನಿಗೆ ಗಂಜಿ ಬಳಿದು ಅಂಟಿಸಿದ. ಹುಳ ಬೀಳಬಾರದೆಂದು ಗಂಜಿಗೆ ಮೈಲುತುತ್ತ ಹಾಕಿದ. ಕಾಗದಕ್ಕೆ ಗಟ್ಟಿತನ ಬರಲೆಂದು ಪ್ರತಿ ಹಾಳೆಗೂ ತೆಳ್ಳಗೆ ಗಂಜಿ ಸವರಿ ಒಣಗಿಸಿದ. ಆಲ್ಬಮ್ಮನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ ಮೇಸ್ತ್ರಿ, "ಇದು ನಮ್ಮಿಬ್ಬರಿಗಿಂತ ಹೆಚ್ಚು ದಿನ ಬಾಳುತ್ತೆ," ಎಂದಿದ್ದರು.

ಎಡಪುಟದಲ್ಲಿ ಬಂದರುಗಳು, ಬಲಪುಟದಲ್ಲಿ ವಿಮಾನಗಳು. ಅದು ಅಕ್ಕನ ಏರ್ಪಾಡು. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಹರವಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಅವಳು ಆಲ್ಬಮ್ಮಿನ ಮುಂದೆ ಕೂರುತ್ತಿದ್ದಳು.

"ಇವತ್ತು ಎಲ್ಲಿಗೆ?" ಎನ್ನುತ್ತಿದ್ದಳು. ಕೇಳಿ, ತಾನೇ ಒಂದು ಚೀಟಿಯ ಮೇಲೆ ಬೆರಳಿಡುತ್ತಿದ್ದಳು. ಅಲ್ಲಿಂದ ಮುಂದೆ ಹೇಳುವ ಸರದಿ ತಮ್ಮನದು. ಆ ಬಂದರಿನಲ್ಲಿ ಇಳಿದರೆ ಏನು ಕಾಣುತ್ತದೆ, ದಡದಲ್ಲಿ ಯಾರು ನಿಂತಿದ್ದಾರೆ, ಮೂಟೆಗಳಲ್ಲಿ ಏನಿದೆ ಎಂದು ಅವನು ಕಟ್ಟಿ ಹೇಳಬೇಕು.

"ಹೋಗೋದು ಹಡಗಲ್ಲಿ, ಬರೋದು ವಿಮಾನದಲ್ಲಿ," ಎಂಬುದು ಅಕ್ಕ ಮಾಡಿದ ನಿಯಮ. "ಬರುವಾಗಲೂ ಹಡಗಾದ್ರೆ ಒಲೆ ಹಚ್ಚೋರು ಯಾರು?"

ಊರುಗಳ ನಿಜವಾದ ಹೆಸರು ಚೀಟಿಗಳ ಮೇಲೆಯೇ ಇತ್ತು. ಅಕ್ಕ ಅವನ್ನು ಓದಲು ಬಿಡುತ್ತಿರಲಿಲ್ಲ. "ಆರು ದಿನ ಅದನ್ನೇ ಟೈಪ್ ಮಾಡ್ತೀನಿ. ಏಳನೇ ದಿನಾನೂ ಬೇಡ." ಹೀಗಾಗಿ ಒಂದು ಬಂದರು ಮಲಗಿದಾನೆಯಾಯಿತು, ಹಿಂದಿನ ಬೆಟ್ಟ ಹಾಗಿತ್ತು. ಒಂದು ಒಂಟಿದೀಪ. ಬೆನ್ನು ತಿರುಗಿಸಿ ನಿಂತ ಎರಡು ಹಾಯಿದೋಣಿಗಳದ್ದು ಗಂಡಹೆಂಡಿರ ಬಂದರು. ನೀರಿನ ಮೇಲೆಯೇ ಇಳಿಯುವ ಹೊಟ್ಟೆದಪ್ಪ ವಿಮಾನ ಬಾತುಕೋಳಿ. ಎರಡೆರಡು ರೆಕ್ಕೆಯದು ಮಿಡತೆ. ಪ್ರತಿ ಚೀಟಿಯ ಮೂಲೆಯಲ್ಲೂ ದೊರೆಯ ತಲೆ ಇದ್ದೇ ಇರುತ್ತಿತ್ತಲ್ಲ, ಅವನಿಗೆ ಅಕ್ಕ ಇಟ್ಟ ಹೆಸರು ಟಿಕೆಟ್ ಕಲೆಕ್ಟರ್.

"ನೋಡೋ, ಯಾವ ಊರಿಗೆ ಹೋದ್ರೂ ಇವನೊಬ್ಬ ಬಾಗಿಲಲ್ಲೇ ನಿಂತಿರ್ತಾನೆ. ನಗು ಅನ್ನೋದು ಇಲ್ಲ ಮುಖದಲ್ಲಿ."

"ಟಿಕೆಟ್ ಇಲ್ದೆ ಬಂದಿದೀವಿ ಅಂತ ಗೊತ್ತಾಗಿರ್ಬೇಕು ಅಕ್ಕ."

"ತಲೆ ಮಾತ್ರ ಇರೋನು. ಓಡಿ ಹಿಡಿಯೋಕೆ ಕಾಲಿಲ್ಲ, ಹೆದರಬೇಡ."

ಎಡಪುಟವೊಂದರಲ್ಲಿ, ಎರಡನೆಯ ಸಾಲಿನ ಮೂರನೆಯ ಚೀಟಿಯ ಮೇಲೆ ಅಕ್ಕ ಎಂದೂ ಬೆರಳಿಟ್ಟಿರಲಿಲ್ಲ. ಅವನು ಒಮ್ಮೆ ಅಲ್ಲಿ ಇಳಿಯಲು ಹೋದಾಗ ಅವನ ಕೈಯನ್ನು ಮೆಲ್ಲಗೆ ತಟ್ಟಿ, "ಅದು ಕೊನೇಗೆ. ಎಲ್ಲಾ ತಿಂದು ಮುಗಿಸಿದ್ರೆ ನಾಳೆಗೆ ಏನಿರುತ್ತೆ? ನೀನು ರಿಟೈರ್ ಆದ್ಮೇಲೆ ನಿಧಾನವಾಗಿ ಹೋಗೋಣ," ಎಂದಿದ್ದಳು. ಇಪ್ಪತ್ತರ ಹುಡುಗನಿಗೆ ನಿವೃತ್ತಿಯ ಮಾತು! ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಅದು ಉಳಿಸಿಟ್ಟ ಬಂದರು.

ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಅವನ ಮದುವೆಯಾಯಿತು. ಎರಡೇ ಕೋಣೆಯ ಮನೆ. ಯಾರೂ ಹೋಗೆನ್ನಲಿಲ್ಲ. ಅಕ್ಕನೇ ಒಂದು ದಿನ ಟ್ರಂಕು ತುಂಬಿ, ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ ಕೋಣೆ ಹಿಡಿದಳು. ಆಲ್ಬಮ್ಮನ್ನು ತಮ್ಮನಲ್ಲೇ ಬಿಟ್ಟಳು. "ನನ್ನ ಕೋಣೇಲಿ ಇಟ್ರೆ ಒಬ್ಬಳೇ ಹೊರಟುಬಿಡ್ತೀನಿ," ಎಂದು ನಕ್ಕಳು. ಮೊದಮೊದಲು ಭಾನುವಾರ ಬರುತ್ತಿದ್ದಳು. ಮಕ್ಕಳಾದವು, ನೆಂಟರು ಬರತೊಡಗಿದರು, ಭಾನುವಾರಗಳು ತುಂಬಿದವು. ಬಂದಾಗಲೂ ಕೂಸನ್ನು ಆಡಿಸಿ, ಬಟ್ಟೆ ಮಡಿಸಿಟ್ಟು ಹೋಗುತ್ತಿದ್ದಳು. ಆಲ್ಬಮ್ಮಿಗೆ ಬಟ್ಟೆ ಸುತ್ತಿ, ಎರಡು ಹಲಗೆಗಳ ನಡುವೆ ಇಟ್ಟು, ಸೊಟ್ಟಗಾಗದಿರಲೆಂದು ಮೇಲೊಂದು ಕಲ್ಲು ಹೇರಿ, ಅವನು ಮಂಚದ ಕೆಳಗೆ ತಳ್ಳಿದ. ರಟ್ಟು ಹಾಕುವವನ ಪ್ರೀತಿ ಅದು. ಬೆಲೆಬಾಳುವುದನ್ನು ಅವನು ಒತ್ತಿ ಇಡುತ್ತಾನೆ.

ಬಾಗಿಲಿನಿಂದ ಹೊರಡುವಾಗ ಅಕ್ಕ ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದಳು. "ಎಲ್ಲಿದೆಯೋ ನಮ್ಮ ಹಡಗು?"

"ದಡದಲ್ಲಿದೆ ಅಕ್ಕ. ರಿಟೈರ್ ಆಗ್ಲಿ ಇರು. ಮೊದಲಿಂದ ಕೊನೇವರೆಗೂ ಒಂದು ಸುತ್ತು ಹೋಗೋಣ."

ಅವನು ನಿವೃತ್ತನೂ ಆದ. ಮೊದಲು ಸೋರುವ ಸೂರು ಸರಿಪಡಿಸಬೇಕಿತ್ತು. ಆಮೇಲೆ ಕಣ್ಣಿನ ಪೊರೆ ತೆಗೆಸುವುದಿತ್ತು. ಆಮೇಲೆ ಚಿಕ್ಕ ಮಗಳ ಬಾಣಂತನ ಬಂತು. ನಾಳೆ ಎಂದವನ ಮನೆ ಹಾಳು ಎಂದು ನಾವು ಮಕ್ಕಳಿಗೆ ಕಾಪಿ ಬರೆಸುತ್ತೇವೆ. ಬರೆದ ಮಕ್ಕಳು ದೊಡ್ಡವರಾಗಿ ನಾಳೆ ಎಂದೇ ಹೇಳುತ್ತಾರೆ. ಹೀಗೆ ಎಂಟು ತಿಂಗಳು ಕಳೆದವು. ಒಂಬತ್ತನೆಯ ತಿಂಗಳು, ಅಕ್ಕ ಕೆಲಸ ಬಿಟ್ಟ ಮೇಲೂ ಉಳಿದುಕೊಂಡಿದ್ದ ಹಾಸ್ಟೆಲಿನ ಮೇಲ್ವಿಚಾರಕಿ ಹೇಳಿಕಳುಹಿಸಿದಳು. ಅಕ್ಕ ನಲ್ಲಿಯ ಬಳಿ ಬಿದ್ದಿದ್ದಳು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ನಿಂತುಹೋಗಿತ್ತು.

ಹನ್ನೆರಡು ಮಂಚಗಳ ವಾರ್ಡು. ಕಿಟಕಿಯ ಪಕ್ಕದ್ದು ಅಕ್ಕನದು. ಸಂಜೆ ನಾಲ್ಕರಿಂದ ಆರರವರೆಗೆ ನೋಡಲು ಬಿಡುತ್ತಿದ್ದರು. ಅವಳ ಕಣ್ಣು ತೆರೆದಿರುತ್ತಿತ್ತು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. "ಅಕ್ಕ, ನಾನು," ಎಂದು ಅವನು ದಿನಾ ಹೇಳುತ್ತಿದ್ದ. ಕಣ್ಣು ಅವನನ್ನು ದಾಟಿ ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು.

"ಬುದ್ಧಿ ಒಳಗೆ ಎಷ್ಟಿದೆ ಅಂತ ಈಗ ಹೇಳೋಕಾಗಲ್ಲ," ಎಂದರು ಡಾಕ್ಟರು. ವಯಸ್ಸಿನಲ್ಲಿ ಅವನ ಮಗಳಷ್ಟಿದ್ದ ಹೆಣ್ಣುಮಗಳು. "ಅವರಿಗೆ ತುಂಬಾ ಇಷ್ಟವಾದ ಹಳೇದು ಏನಾದ್ರೂ ಇದ್ರೆ ತಂದು ತೋರಿಸಿ. ಕೆಲವರಿಗೆ ಅದರಿಂದ ಒಂದು ಎಳೆ ಸಿಗುತ್ತೆ, ಒಂದೆರಡು ಮಾತೂ ಬರಬಹುದು. ಆದ್ರೆ ತಡ ಮಾಡಬೇಡಿ. ಇನ್ನೊಂದು ಸಲ ಲಕ್ವ ಹೊಡೆದ್ರೆ ಕಷ್ಟ."

ಅವನಿಗೆ ಬೇಕಾಗಿದ್ದುದು ಒಂದೆರಡು ಮಾತೇ. 'ಇವತ್ತು ಎಲ್ಲಿಗೆ?' ಇಷ್ಟು ಅವಳ ಬಾಯಿಂದ ಬಂದರೆ ಸಾಕು, ಮೂವತ್ತು ವರ್ಷದ ಭಾನುವಾರಗಳ ತಪ್ಪಿಗೆ ಕ್ಷಮೆ ಸಿಕ್ಕಂತೆ ಎಂದು ಅವನ ಮನಸ್ಸು ಗಂಟುಹಾಕಿಕೊಂಡಿತು.

ಮನೆಗೆ ಬಂದವನೇ ಮಂಚದ ಕೆಳಗೆ ತೂರಿ ಕಲ್ಲು ಸರಿಸಿ ಆಲ್ಬಮ್ಮನ್ನು ಎಳೆದ. ಹುಳ ಮುಟ್ಟಿರಲಿಲ್ಲ. ಒಂದು ತೂತೂ ಇರಲಿಲ್ಲ. ಆದರೆ ತೆರೆಯಹೋದರೆ ಆಲ್ಬಮ್ಮು ತೆರೆಯಲಿಲ್ಲ. ಮೂವತ್ತು ಮಳೆಗಾಲಗಳ ತೇವ, ಮೇಲೆ ಕಲ್ಲಿನ ಭಾರ. ಹಾಳೆಗಳಿಗೆ ಸವರಿದ ಗಂಜಿ ಮತ್ತೆ ಹಸಿಯಾಗಿ ಮತ್ತೆ ಒಣಗಿ, ಹದಿನಾರು ಹಾಳೆಯೂ ಒಂದೇ ಹಲಗೆಯಾಗಿತ್ತು.

ಹೆಂಡತಿ ಹಿಂದೆ ನಿಂತು ನೋಡಿದಳು. "ಇದೇನ್ರೀ ಇದು, ಇಟ್ಟಿಗೆ ಆಗಿದೆ?"

"ನಲವತ್ತೆರಡು ವರ್ಷ ಇಂಥ ಇಟ್ಟಿಗೇನೇ ಬಿಡಿಸಿದ್ದು ನಾನು. ನಾಳೆ ಭಾನುವಾರ. ಮಧ್ಯಾಹ್ನಕ್ಕೆ ಬಿಡಿಸ್ತೀನಿ, ಸಂಜೆ ಒಣಗುತ್ತೆ, ಸೋಮವಾರ ತೋರಿಸ್ತೀನಿ."

"ಅಂಚೆಚೀಟಿ ಮಾರೋ ಮುದುಕರೊಬ್ಬರಿದಾರಲ್ಲ ಪೇಟೇಲಿ, ಅವರನ್ನ ಒಂದು ಮಾತು ಕೇಳಬಾರದಾ?"

"ಮೀನಿಗೆ ಈಜು ಕಲಿಸೋಕೆ ಬರಬೇಡ ನೀನು."

ಭಾನುವಾರ ಅವನು ರಟ್ಟು ಬಿಚ್ಚಿದ, ಬೆನ್ನಿನ ಬಟ್ಟೆಯನ್ನು ಹಾಗೇ ಬಿಟ್ಟ. ಹಾಳೆಯ ಅಂಚಿನಲ್ಲಿ ಪುಟದ ಸಂಖ್ಯೆಯನ್ನು ಅವನೇ ಮಸಿಯಲ್ಲಿ ಬರೆದಿದ್ದ. ಅದರ ಮೇಲೆ ಒಂದು ಹನಿ ನೀರಿಟ್ಟು, ಅರವತ್ತು ಎಣಿಸಿ, ಬಿಳಿ ಬಟ್ಟೆ ಒತ್ತಿ ತೆಗೆದ. ಬಟ್ಟೆಗೆ ಬಣ್ಣ ಹತ್ತಲಿಲ್ಲ. ಬರೆದದ್ದೇ ಕದಲಲಿಲ್ಲವೆಂದ ಮೇಲೆ ಅಚ್ಚಾದದ್ದಕ್ಕೆ ಏನು ಭಯ? ಸ್ನಾನದ ಮನೆಯಲ್ಲಿ ಅಗಲವಾದ ತಟ್ಟೆಗೆ ಉಗುರುಬೆಚ್ಚಗಿನ ನೀರು ಹಾಕಿ, ಆಲ್ಬಮ್ಮನ್ನು ಕೂಸನ್ನು ಇಳಿಸುವಂತೆ ಇಳಿಸಿ, ಮೇಲೆ ಒದ್ದೆಬಟ್ಟೆ ಹೊದಿಸಿದ. ಮೇಸ್ತ್ರಿ ಹೇಳಿದಂತೆ ಒಂದು ಗಂಟೆ ಆ ಕಡೆ ತಿರುಗಿ ನೋಡದೆ ಜಗಲಿಯಲ್ಲಿ ಕೂತ.

ಅರ್ಧ ಗಂಟೆಗೆ ಹೆಂಡತಿ ಒಳಗಿನಿಂದ ಕೂಗಿದಳು. "ರೀ, ನೀರು ನೇರಳೆ ಆಗಿದೆಯಲ್ರೀ!"

"ಬೆನ್ನಿನ ಬಟ್ಟೆ ಬಣ್ಣ ಬಿಡ್ತಿದೆ. ಚೆಲ್ಲಿ ಬೇರೆ ನೀರು ಹಾಕು. ಆಲ್ಬಮ್ ಮುಟ್ಟಬೇಡ."

ಅವಳು ನೀರನ್ನು ಬಚ್ಚಲಿಗೆ ಚೆಲ್ಲಿ ಬೇರೆ ನೀರು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಬಾಗಿಲಲ್ಲಿ ನಿಂತಳು. "ಈಗ ಹಸಿರು ಬರ್ತಿದೆ. ಬಟ್ಟೇಲಿ ಹಸಿರು ಇತ್ತಾ?"

ಅವನು ಎದ್ದ ರಭಸಕ್ಕೆ ಕುರ್ಚಿ ಉರುಳಿತು.

ಹಾಳೆಗಳು ಚೆನ್ನಾಗಿ ಬಿಟ್ಟುಕೊಂಡಿದ್ದವು. ಒಂದೂ ಹರಿಯಲಿಲ್ಲ. ಕೆಲಸದ ದೃಷ್ಟಿಯಿಂದ ನೋಡಿದರೆ ಅಷ್ಟು ಅಚ್ಚುಕಟ್ಟಾಗಿ ಅವನು ಹಿಂದೆಂದೂ ಬಿಡಿಸಿರಲಿಲ್ಲ. ಆದರೆ ಎಡಪುಟಗಳಲ್ಲಿ ಹಲ್ಲುಹಲ್ಲಾದ ಅಂಚಿನ ಬಿಳಿ ಚೌಕಗಳು ಮಾತ್ರ ಸಾಲಾಗಿ ಕುಳಿತಿದ್ದವು. ಬೆಟ್ಟವಿರಲಿಲ್ಲ, ದೀಪವಿರಲಿಲ್ಲ, ಹಾಯಿಯಿರಲಿಲ್ಲ, ಅಚ್ಚಾಗಿದ್ದ ಊರ ಹೆಸರೂ ಇರಲಿಲ್ಲ. ಅಂಚೆಯವರು ಹೊಡೆದ ಕರಿ ಮುದ್ರೆಗಳು ಮಾತ್ರ, ಅರ್ಧ ಚಂದ್ರನಂತೆ, ಮುಕ್ಕಾಲು ಚಂದ್ರನಂತೆ, ಎದ್ದು ಕಾಣುತ್ತಿದ್ದವು. ಬಲಪುಟದಲ್ಲಿ ಕಂದು ಬಣ್ಣದ ನಾಲ್ಕಾರು ವಿಮಾನಗಳು ಉಳಿದಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಮೂರ್ಖನ ಗಾದೆಯನ್ನು ಅಕ್ಕನೇ ಅವನಿಗೆ ಹೇಳಿಕೊಟ್ಟಿದ್ದಳು. ಅವನು ತಟ್ಟೆಯ ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟ. ಹೆಂಡತಿ ಬಚ್ಚಲ ಬಾಯಿಯಲ್ಲಿ ನಿಂತಿದ್ದ ನೇರಳೆ ಕಲೆಯನ್ನು ಉಜ್ಜಲು ಹೋಗಿ, ಏನನ್ನಿಸಿತೋ, ಬಿಟ್ಟಳು.

ಸೋಮವಾರ ಅಂಗಡಿ ತೆರೆಯುವ ಮೊದಲೇ ಅವನು ಅಂಚೆಚೀಟಿಯ ಮುದುಕರ ಬಾಗಿಲಲ್ಲಿದ್ದ. ಅವರು ಭೂತಗನ್ನಡಿ ಹಿಡಿದು ಹಾಳೆಗಳನ್ನು ಬಹಳ ಹೊತ್ತು ನೋಡಿದರು.

"ನೀರಿಗೆ ಹಾಕಿದ್ರಾ?"

"ಅಚ್ಚಿನ ಮಸಿ ಬಿಡಲ್ಲ ಅಂದ್ಕೊಂಡೆ ಯಜಮಾನ್ರೇ."

"ಪುಸ್ತಕದ ಮಸಿ ಬಿಡಲ್ಲ. ಆ ಕಾಲದಲ್ಲಿ ಕೆಲವು ಚೀಟಿಗಳ ಬಣ್ಣಾನ ಬಿಡಲಿ ಅಂತಲೇ ಮಾಡ್ತಿದ್ರು. ಮುದ್ರೆ ತೊಳೆದು ಅದೇ ಚೀಟೀನ ಮತ್ತೆ ಅಂಟಿಸೋ ಕಳ್ಳರಿದ್ರಲ್ಲ. ಮುದ್ರೆ ಅಳಿಸೋಕೆ ಹೋದ್ರೆ ಚಿತ್ರಾನೇ ಹೋಗಬೇಕು, ಮುದ್ರೆ ಉಳೀಬೇಕು. ಅದಕ್ಕೇ ಹಾಗೆ." ಅವರು ಕನ್ನಡಕ ತೆಗೆದರು. "ನೀವು ಕಳ್ಳರಲ್ಲ. ಅದು ಚೀಟಿಗೆ ಹೇಗೆ ಗೊತ್ತಾಗಬೇಕು?"

"ಅಂಥವೇ ಬೇರೆ ಸಿಗುತ್ತವಾ? ಇವತ್ತು ಸಂಜೆಗೆ ಬೇಕು."

"ದೊಡ್ಡ ಬೆಲೆಯವೇನಲ್ಲ, ಕೆಲವು ನನ್ನ ಹತ್ರಾನೇ ಇರಬಹುದು. ಯಾವ ದೇಶ? ಯಾವ ಬಂದರು?"

ಚೀಟಿಗಳ ಮೇಲಿನ ಹೆಸರುಗಳನ್ನು ಗಂಜಿಯಣ್ಣ ಎಂದೂ ಓದಿರಲಿಲ್ಲ. ಕೊನೆಗೆ, "ಒಂದು ಮಲಗಿದಾನೆ," ಎಂದ. "ಒಂದು ಒಂಟಿದೀಪ."

ಮುದುಕರು ನಗಲು ಹೊರಟವರು ಅವನ ಮುಖ ನೋಡಿ ನಿಲ್ಲಿಸಿದರು.

ಸಂಜೆ ಅವನು ಬರಿಗೈಯಲ್ಲೇ ಹೊರಟಿದ್ದ. ಹೆಂಡತಿಯೇ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಗಿತ್ತಳು. "ತಗೊಂಡು ಹೋಗಿ. ಇದ್ದದ್ದು ಇದ್ದ ಹಾಗೆ ತೋರಿಸಿ. ಅವರು ನಿಮ್ಮನ್ನ ಬೈದ್ರೆ ಅದೂ ಒಂದು ಮಾತೇ ಅಲ್ವಾ?"

ಅವನು ಅಕ್ಕನ ಎದೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಹಾಳೆಗಳನ್ನಿಟ್ಟ. ಅಕ್ಕನ ಕಣ್ಣು ಗಡಿಯಾರದಿಂದ ಇಳಿದು ಹಾಳೆಯ ಮೇಲೆ ಬಂತು. ನಿಂತಿತು. ಹದಿನೇಳು ದಿನಗಳಲ್ಲಿ ಮೊದಲ ಸಲ ಆ ಕಣ್ಣು ಒಂದು ಕಡೆ ನಿಂತಿತು. ಅವನು ಒಂದೊಂದೇ ಹಾಳೆ ತಿರುಗಿಸಿದ. ಆರನೆಯ ಹಾಳೆಗೆ ಬಂದಾಗ ಅವಳ ಎಡಗೈ ಹೊದಿಕೆಯ ಕೆಳಗಿನಿಂದ ನಿಧಾನವಾಗಿ ಹೊರಬಂದಿತು. ತೋರುಬೆರಳು ಹಾಳೆಯ ಮೇಲೆ ಅಲೆದಾಡಿ, ಎರಡನೆಯ ಸಾಲು ಹುಡುಕಿ, ಮೂರನೆಯ ಬಿಳಿ ಚೌಕದ ಮೇಲೆ ಇಳಿದು ನಿಂತಿತು. ಆಮೇಲೆ ಅವಳು ತಮ್ಮನ ಮುಖ ನೋಡಿದಳು.

ಅವಳಿಗೆ ಎಲ್ಲವೂ ನೆನಪಿತ್ತು. ಎಲ್ಲವೂ ಒಳಗಿತ್ತು. ಬೆರಳು ಇಟ್ಟಾಗಿದೆ, ಇನ್ನು ಹೇಳುವ ಸರದಿ ಅವನದು.

ಅಲ್ಲಿ ಏನಿತ್ತು? ಅವನಿಗೆ ನೆನಪಾಗಲಿಲ್ಲ. ಉಳಿದ ಬಂದರುಗಳಿಗೆ ನೂರು ಸಲ ಹೋಗಿ ಬಂದಿದ್ದ, ಕಣ್ಣು ಮುಚ್ಚಿದರೂ ಹೇಳಬಲ್ಲ. ಇಲ್ಲಿಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ನಾಳೆಗೆಂದು ಮುಚ್ಚಿಟ್ಟದ್ದನ್ನು ಅವನು ಕಣ್ಣು ತುಂಬ ನೋಡಿರಲೇ ಇಲ್ಲ.

"ಅಕ್ಕ, ಹಡಗಿಂದ ಇಳಿದ್ವಿ," ಎಂದು ಶುರುಮಾಡಿದ. ಅವಳ ಕಣ್ಣಂಚು ಸಡಿಲವಾಯಿತು. "ಎದುರಿಗೆ ಒಂದು ದೀಪದ ಗೋಪುರ..."

ಅಕ್ಕ ತಲೆಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ಆಡಿಸಿದಳು. ಅಲ್ಲ.

"ಗೋಪುರ ಅಲ್ಲ, ಮರೆತೆ. ಬೆಟ್ಟ. ಬೆಟ್ಟದ ಮೇಲೆ ಮನೆಗಳು..."

ಅಲ್ಲ.

"ಸೇತುವೆ? ಮೂರು ಹಾಯಿದೋಣಿ? ದಡದ ತುಂಬ ತೆಂಗಿನ ಮರ?"

ಅಲ್ಲ, ಅಲ್ಲ. ಅವಳ ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ. ಬೆರಳು ಚೌಕವನ್ನು ಒತ್ತಿತು, ಮತ್ತೆ ಒತ್ತಿತು, ಇಲ್ಲೇ ಇದೆಯಲ್ಲೋ, ನೋಡಿ ಹೇಳು ಎನ್ನುವ ಹಾಗೆ. ಬೆರಳ ಕೆಳಗೆ ಕರಿಯ ಅರ್ಧಚಂದ್ರ ಬಿಟ್ಟರೆ ಬೇರೇನೂ ಇರಲಿಲ್ಲ.

"ತೊಳೆದುಹೋಯ್ತು ಅಕ್ಕ," ಎಂದ ಅವನು. "ನಾನೇ ತೊಳೆದುಬಿಟ್ಟೆ."

ಅವಳು ಅವನನ್ನು ನೋಡುತ್ತಲೇ ಇದ್ದಳು. ದಾದಿ ಬಂದು, "ಆರು ಗಂಟೆ ಆಯ್ತಣ್ಣ, ನಾಳೆ ಬನ್ನಿ," ಎಂದಳು. ಅಕ್ಕ ಬೆರಳು ತೆಗೆದಳು. ಅದನ್ನು ಹಾಳೆಯ ಮೇಲೆಯೇ ಎಳೆಯುತ್ತಾ ಬಲಪುಟಕ್ಕೆ ತಂದು, ಅಲ್ಲಿ ಉಳಿದಿದ್ದ ಒಂದು ಮಿಡತೆಯ ಮೇಲೆ ಒಂದು ಕ್ಷಣ ಇಟ್ಟಳು. ಮನೆಗೆ ಹೋಗು ಎಂಬಂತೆ. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಮಾರನೆಯ ಬೆಳಿಗ್ಗೆ ಎರಡನೆಯ ಹೊಡೆತ ಬಂತು. ನಾಲ್ಕು ಗಂಟೆಯ ಹೊತ್ತಿಗೆ ಅವಳಿರಲಿಲ್ಲ.

ಈಗಲೂ ಭಾನುವಾರ ಬೆಳಿಗ್ಗೆ ಗಂಜಿಯಣ್ಣ ಅಂಚೆಚೀಟಿಯ ಅಂಗಡಿಗೆ ಹೋಗುತ್ತಾನೆ. ಮುದುಕರು ದೊರೆಗಳ ಕಾಲದ ಬಂದರುಗಳ ಪೆಟ್ಟಿಗೆಯನ್ನು ಕೇಳುವ ಮೊದಲೇ ಮುಂದಿಡುತ್ತಾರೆ. ಅವನು ಕೈ ಒರೆಸಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾನೆ. ಮಲಗಿದಾನೆ ಸಿಕ್ಕಿತು. ಒಂಟಿದೀಪವೂ ಸಿಕ್ಕಿತು. ಅವನ್ನು ಅವನು ಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ಉಳಿಸಿಟ್ಟ ಬಂದರು, ಕಂಡ ಕೂಡಲೇ ಗೊತ್ತಾಗುತ್ತದೆ ಎಂದು ಮುದುಕರಿಗೆ ಹೇಳಿದ್ದ.

ಒಂದು ದಿನ ಮುದುಕರು ಕೇಳಿದರು. "ಕಂಡ ಕೂಡಲೇ ಗೊತ್ತಾಗುತ್ತೆ ಅಂದಿದ್ರಲ್ಲ. ಇನ್ನೂ ಕಾಣಲಿಲ್ವಾ?"

"ಮೊದಮೊದಲು ಯಾವುದೂ ಅದಲ್ಲ ಅನಿಸ್ತಿತ್ತು," ಎಂದ ಗಂಜಿಯಣ್ಣ. "ಈಗ ಯಾವುದನ್ನ ನೋಡಿದ್ರೂ ಅದೇ ಇರಬೇಕು ಅನಿಸುತ್ತೆ ಯಜಮಾನ್ರೇ."

ಕೈಯಲ್ಲಿದ್ದ ಚೀಟಿಯಲ್ಲಿ ಒಂದು ಹಡಗು ದಡಕ್ಕೆ ಬರುತ್ತಿತ್ತು, ಅಥವಾ ದಡ ಬಿಟ್ಟು ಹೋಗುತ್ತಿತ್ತು. ಮೂಲೆಯಲ್ಲಿ ಟಿಕೆಟ್ ಕಲೆಕ್ಟರ್ ನಗದೆ ನಿಂತಿದ್ದ. ಅಲ್ಲವೆಂದು ತಲೆಯಾಡಿಸುವವರು ಯಾರೂ ಇರಲಿಲ್ಲ. ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನದನ್ನು ಎತ್ತಿಕೊಂಡ.